ದೂರ ಸೂತ್ರದಿಂದ ತೆಂಗಿನ ಮರದ ತುದಿವರೆಗೆ: ನಿರ್ದೇಶಾಂಕ ಮತ್ತು ತ್ರಿಕೋನಮಿತಿಯ ಲೆಕ್ಕ ತಪ್ಪದಂತೆ ಮಾಡುವ ಕ್ರಮ

"ಸೂತ್ರ ಬಾಯಿಗೆ ಬರುತ್ತೆ ಮೇಷ್ಟ್ರೇ, ಉತ್ತರ ಮಾತ್ರ ಬರಲ್ಲ." ಹತ್ತನೇ ತರಗತಿಯ ಮಕ್ಕಳಿಗೆ ಸಂಜೆ ಹೊತ್ತು ಗಣಿತ ಹೇಳಿಕೊಡುವಾಗ ಈ ಮಾತನ್ನು ಪ್ರತಿ ವರ್ಷ ಕೇಳುತ್ತೇನೆ. ನೋಟ್‌ಬುಕ್ ತೆರೆದರೆ ಸೂತ್ರ ನಿಜಕ್ಕೂ ಸರಿಯಾಗಿರುತ್ತದೆ. ಅದರ ಕೆಳಗಿನ ಸಾಲಿನಲ್ಲಿ ಒಂದು ಮೈನಸ್ ಬಿಟ್ಟುಹೋಗಿರುತ್ತದೆ, ಇಲ್ಲವೇ ವರ್ಗಮೂಲ ಹಾಕುವುದು ಮರೆತಿರುತ್ತದೆ, ಇಲ್ಲವೇ ಅಭಿಮುಖ ಬಾಹುವಿನ ಜಾಗದಲ್ಲಿ ಪಾರ್ಶ್ವ ಬಾಹು ಕೂತಿರುತ್ತದೆ. ಚಿತ್ರ ಮಾತ್ರ ಎಲ್ಲೂ ಇರುವುದಿಲ್ಲ.

ದೂರ ಸೂತ್ರವನ್ನೂ ತ್ರಿಕೋನಮಿತಿಯನ್ನೂ ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಾಗಿ ಓದುತ್ತೇವೆ. ಎರಡರ ಒಳಗೂ ಇರುವುದು ಒಂದೇ ಲಂಬಕೋನ ತ್ರಿಭುಜ. ಆ ತ್ರಿಭುಜವನ್ನು ಮೊದಲು ಕಾಗದದ ಮೇಲೆ ಇಳಿಸಿ, ಆಮೇಲೆ ಸೂತ್ರಕ್ಕೆ ಕೈಹಾಕಿದರೆ ಮುಕ್ಕಾಲು ಪಾಲು ತಪ್ಪುಗಳು ಹುಟ್ಟುವುದೇ ಇಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೂರನೇ ಹಂತ ಗಟ್ಟಿಯಾಗದೆ ಐದಕ್ಕೆ ಹಾರಬೇಡಿ.

## ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಗ್ರಾಫ್ ಹಾಳೆ ನಾಲ್ಕೈದು, ಚೂಪಾದ ಪೆನ್ಸಿಲ್, ರಬ್ಬರ್, ಸ್ಕೇಲ್, ಕೋನಮಾಪಕ. ಕೊನೆಯ ಹಂತಕ್ಕೆ ಒಂದು ಸ್ಟ್ರಾ, ಒಂದು ಮೊಳ ದಾರ, ಸಣ್ಣ ನಟ್ಟು ಅಥವಾ ಕಲ್ಲು, ಮತ್ತು ಅಳತೆ ಟೇಪು ಬೇಕು.

ಕ್ಯಾಲ್ಕುಲೇಟರ್ ಇದ್ದರೆ ಮೊದಲು ಅದನ್ನು ಪರೀಕ್ಷಿಸಿ. ಸೈನ್ 30 ಒತ್ತಿ. 0.5 ಬಂದರೆ ಸರಿ. ಮೈನಸ್ 0.988 ಬಂದರೆ ಅದು ರೇಡಿಯನ್ ಲೆಕ್ಕದಲ್ಲಿದೆ, 0.454 ಬಂದರೆ ಗ್ರೇಡಿಯನ್ ಲೆಕ್ಕದಲ್ಲಿದೆ. ಎರಡೂ ಸಂದರ್ಭದಲ್ಲಿ ಡಿಗ್ರಿಗೆ ಬದಲಾಯಿಸಿಕೊಳ್ಳಿ. ಎಷ್ಟೋ ಮೊಬೈಲ್‌ಗಳಲ್ಲಿ ಕ್ಯಾಲ್ಕುಲೇಟರ್ ತೆರೆದು ಫೋನನ್ನು ಅಡ್ಡ ಹಿಡಿದರೆ ಸೈನ್, ಕಾಸ್ ಗುಂಡಿಗಳು ಕಾಣಿಸಿಕೊಳ್ಳುತ್ತವೆ. ಅಲ್ಲಿಯೂ ಇದೇ ಪರೀಕ್ಷೆ ಮಾಡಿ.

## ಹಂತ 1: ಬಿಂದುವನ್ನು ಸರಿಯಾದ ಜಾಗದಲ್ಲಿ ಕೂರಿಸುವುದು

ಗ್ರಾಫ್ ಹಾಳೆಯ ನಡುವೆ ಎರಡು ಅಕ್ಷಗಳನ್ನು ಎಳೆಯಿರಿ. ಅಡ್ಡಗೆರೆ ಎಕ್ಸ್ ಅಕ್ಷ, ಉದ್ದಗೆರೆ ವೈ ಅಕ್ಷ, ಎರಡೂ ಕೂಡುವ ಜಾಗ ಮೂಲಬಿಂದು. 1 ಸೆಂಟಿಮೀಟರ್‌ಗೆ 1 ಮಾನ ಎಂದು ಎರಡೂ ಅಕ್ಷಗಳಿಗೆ ಒಂದೇ ಪ್ರಮಾಣ ಇಟ್ಟುಕೊಳ್ಳಿ. ರೇಖಾತ್ಮಕ ಸಮೀಕರಣಗಳ ಗ್ರಾಫ್ ಬಿಡಿಸುವಾಗ ಎರಡು ಅಕ್ಷಕ್ಕೆ ಬೇರೆ ಬೇರೆ ಪ್ರಮಾಣ ಇಟ್ಟು ಅಭ್ಯಾಸವಾದವರು ಇಲ್ಲಿಯೂ ಹಾಗೇ ಮಾಡುತ್ತಾರೆ. ಹಾಗೆ ಮಾಡಿದರೆ ಬಿಂದುಗಳ ಹೆಸರು ಸರಿ ಇರುತ್ತದೆ, ಆದರೆ ಸ್ಕೇಲ್ ಇಟ್ಟು ಅಳೆದ ದೂರವೂ ಕೋನಮಾಪಕ ಇಟ್ಟು ಅಳೆದ ಕೋನವೂ ಸುಳ್ಳು ಹೇಳುತ್ತವೆ.

ಬಿಂದು (−2, 3) ಎಂದರೆ ಮೂಲಬಿಂದುವಿನಿಂದ ಮೊದಲು ಅಡ್ಡ ನಡಿಗೆ, ನಂತರ ಮೇಲೆ ಅಥವಾ ಕೆಳಗೆ. ಎಡಕ್ಕೆ 2, ಮೇಲಕ್ಕೆ 3. ಮನೆಯೊಳಗೆ ಮೊದಲು ಹಜಾರ ದಾಟಿ, ಆಮೇಲೆ ಮೆಟ್ಟಿಲು ಹತ್ತುವ ಹಾಗೆ. ಈ ಕ್ರಮ ತಿರುಗುಮುರುಗಾದರೆ (3, −2) ಆಗುತ್ತದೆ, ಅದು ಬೇರೆಯೇ ಚತುರ್ಥಕ, ಅಂದರೆ ಅಕ್ಷಗಳು ಹಾಳೆಯನ್ನು ಸೀಳುವ ನಾಲ್ಕು ಭಾಗಗಳಲ್ಲಿ ಬೇರೊಂದು.

ಹೆಚ್ಚು ಎಡವುವುದು ಸೊನ್ನೆ ಇರುವ ಬಿಂದುಗಳಲ್ಲಿ. (0, 4) ಎಕ್ಸ್ ಅಕ್ಷದ ಮೇಲಿದೆ ಎಂದು ಬರೆಯುವವರು ಬಹಳ. ಅಡ್ಡ ನಡಿಗೆ 0 ಎಂದರೆ ಪಕ್ಕಕ್ಕೆ ಒಂದು ಹೆಜ್ಜೆಯನ್ನೂ ಇಡಲಿಲ್ಲ, ನೇರ 4 ಮೇಲೆ ಹೋದಿರಿ. ಹಾಗಾಗಿ ಅದು ವೈ ಅಕ್ಷದ ಮೇಲಿದೆ. "ಎಕ್ಸ್ ಅಕ್ಷದ ಮೇಲಿನ ಒಂದು ಬಿಂದು" ಎಂದು ಪ್ರಶ್ನೆಯಲ್ಲಿ ಬಂದ ತಕ್ಷಣ (ಎಕ್ಸ್, 0) ಎಂದು ಬರೆಯಬೇಕು. ಇಲ್ಲಿ ತಪ್ಪಿದರೆ ಮುಂದಿನ ಹತ್ತು ಸಾಲೂ ವ್ಯರ್ಥ.

## ಹಂತ 2: ನೆಟ್ಟಗಿನ ದೂರಗಳು

ಓರೆ ದೂರಕ್ಕೆ ಹೋಗುವ ಮುನ್ನ ಅಡ್ಡ ದೂರ ಮತ್ತು ಉದ್ದ ದೂರ ತಪ್ಪಿಲ್ಲದೆ ಬರಬೇಕು. (−3, 2) ಮತ್ತು (5, 2) ಎರಡನ್ನೂ ಗುರುತಿಸಿ. ವೈ ಬೆಲೆ ಎರಡರಲ್ಲೂ 2, ಹಾಗಾಗಿ ಅವು ಒಂದೇ ಅಡ್ಡಗೆರೆಯ ಮೇಲಿವೆ. ಚೌಕಗಳನ್ನು ಬೆರಳಿಟ್ಟು ಎಣಿಸಿ: 8. ಲೆಕ್ಕದಲ್ಲಿ 5 − (−3) = 5 + 3 = 8.

ಇಲ್ಲಿ 5 − 3 = 2 ಎಂದು ಬರೆಯುವುದೇ ಇಡೀ ಪಾಠದ ಮೂಲ ರೋಗ. ಋಣ ಸಂಖ್ಯೆಯನ್ನು ಕಳೆಯುವಾಗ ಅದಕ್ಕೊಂದು ಆವರಣ ಹಾಕದಿರುವುದು ಇದಕ್ಕೆ ಕಾರಣ. ನನ್ನ ಹತ್ತಿರ ಬರುವ ಮಕ್ಕಳಿಗೆ ಒಂದೇ ಕಟ್ಟುನಿಟ್ಟು ಇಟ್ಟಿದ್ದೇನೆ: ಸಂಖ್ಯೆ ತುಂಬುವ ಮೊದಲೇ ಖಾಲಿ ಆವರಣ ಬರೆಯಿರಿ. ಮೊದಲು ( ) − ( ) ಎಂದು ಬರೆದು, ಆಮೇಲೆ ಒಳಗೆ ಸಂಖ್ಯೆಗಳನ್ನು ಅವುಗಳ ಚಿಹ್ನೆಯ ಸಮೇತ ಇಡುವುದು. ಇಡ್ಲಿ ತಟ್ಟೆ ಇಟ್ಟು ಆಮೇಲೆ ಹಿಟ್ಟು ಹೊಯ್ಯುವ ಹಾಗೆ. ಈ ಒಂದು ಅಭ್ಯಾಸಕ್ಕೆ ಎರಡು ದಿನ ಕೊಡಿ.

ಸೊನ್ನೆಯ ಎರಡು ಬದಿಗಳಲ್ಲಿರುವ ಸಂಖ್ಯೆಗಳ ದೂರ ಅವುಗಳ ಗಾತ್ರ ಕೂಡಿದಷ್ಟು, ಒಂದೇ ಬದಿಯಲ್ಲಿದ್ದರೆ ಕಳೆದಷ್ಟು. −7 ಮತ್ತು −2ರ ದೂರ 5. −7 ಮತ್ತು 2ರ ದೂರ 9. ಇದನ್ನು ಬಾಯಿಲೆಕ್ಕದಲ್ಲಿ ಹೇಳಲು ಬಂದರೆ ಮುಂದಕ್ಕೆ ಹೋಗಬಹುದು.

## ಹಂತ 3: ಓರೆ ದೂರ

ಇನ್ನು ಮುಖ್ಯವಾದ ಲೆಕ್ಕ. ಎ(−2, 3) ಮತ್ತು ಬಿ(4, −5) ನಡುವಿನ ದೂರ ಬೇಕು. ಈ ಎರಡು ಬಿಂದುಗಳನ್ನು ಈ ಬರಹದುದ್ದಕ್ಕೂ ಇಟ್ಟುಕೊಳ್ಳುತ್ತೇವೆ, ಹಾಗಾಗಿ ನೀವೂ ಹಾಳೆಯಲ್ಲಿ ಗುರುತಿಸಿಕೊಳ್ಳಿ.

ಎ ಇಂದ ಬಲಕ್ಕೆ ಅಡ್ಡಗೆರೆ ಎಳೆಯಿರಿ, ಬಿ ಇಂದ ಮೇಲಕ್ಕೆ ನೆಟ್ಟಗೆ ಗೆರೆ ಎಳೆಯಿರಿ. ಎರಡೂ ಕೂಡುವ ಜಾಗಕ್ಕೆ ಸಿ ಎನ್ನಿ. ಅದು (4, 3). ಸಿ ಬಳಿ ಲಂಬಕೋನದ ಪುಟ್ಟ ಚೌಕ ಹಾಕಿ. ಎಸಿ ಎಷ್ಟು ಚೌಕ? 6. ಸಿಬಿ ಎಷ್ಟು? 8. ಎಬಿ ವಿಕರ್ಣ, ಅಂದರೆ ಲಂಬಕೋನದ ಎದುರಿನ ಬಾಹು. ಪೈಥಾಗೊರಸ್ ಪ್ರಮೇಯದ ಪ್ರಕಾರ ಎಬಿಯ ವರ್ಗ = 36 + 64 = 100. ಎಬಿ = 10.

ದೂರ ಸೂತ್ರ ಎಂದರೆ ಇಷ್ಟೇ:

ದೂರ = √[(ಎಕ್ಸ್₂ − ಎಕ್ಸ್₁)² + (ವೈ₂ − ವೈ₁)²]

ಮೊದಲ ಆವರಣ ಎಸಿ, ಎರಡನೆಯದು ಸಿಬಿ. ಹೀಗೆ ನೋಡಿದ ಮೇಲೆ ಎಕ್ಸ್‌ನಿಂದ ವೈ ಕಳೆಯುವ ತಪ್ಪು ಯಾರೂ ಮಾಡುವುದಿಲ್ಲ, ಏಕೆಂದರೆ ಅಡ್ಡ ದೂರಕ್ಕೂ ಉದ್ದ ದೂರಕ್ಕೂ ಬೆರಕೆಯೇ ಇಲ್ಲ.

ಕಾಗದದ ಮೇಲೆ ಬರೆಯುವ ಕ್ರಮ ಹೀಗಿರಲಿ, ಒಂದು ಕೆಲಸಕ್ಕೆ ಒಂದು ಸಾಲು:

1. ಎ ಮತ್ತು ಬಿ ಬಿಂದುಗಳ ಮೇಲೆ ಎಕ್ಸ್₁, ವೈ₁, ಎಕ್ಸ್₂, ವೈ₂ ಎಂದು ಪೆನ್ಸಿಲ್‌ನಲ್ಲಿ ಗುರುತು.
2. ಎಕ್ಸ್ ವ್ಯತ್ಯಾಸ: (4) − (−2) = 6
3. ವೈ ವ್ಯತ್ಯಾಸ: (−5) − (3) = −8
4. ವರ್ಗಗಳು: (6)² = 36, (−8)² = 64
5. ಮೊತ್ತ: 100
6. ವರ್ಗಮೂಲ: 10 ಮಾನಗಳು

ವ್ಯತ್ಯಾಸ, ವರ್ಗ, ಮೊತ್ತ, ಮೂಲ. ಈ ನಾಲ್ಕು ಕೆಲಸಗಳ ಸ್ಥಾನ ಬದಲಾದರೆ ಉತ್ತರವೂ ಬದಲಾಗುತ್ತದೆ. ಕೆಲವರು ಎಲ್ಲವನ್ನೂ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಕೈ ಕುದುರಿದ ಮೇಲೆ ಹಾಗೆ ಮಾಡಲಿ, ಆದರೆ ತಪ್ಪು ಬರುತ್ತಿರುವಷ್ಟು ದಿನ ಆರು ಸಾಲು ಬರೆಯಲೇಬೇಕು. ತಪ್ಪು ಯಾವ ಸಾಲಿನಲ್ಲಿ ಆಗುತ್ತಿದೆ ಎಂದು ತಿಳಿಯಲು ಬೇರೆ ದಾರಿಯಿಲ್ಲ.

ಇಲ್ಲಿ ಆಗುವ ತಪ್ಪುಗಳು, ಅವು ಕೊಡುವ ಸೂಚನೆಗಳು

ವರ್ಗಮೂಲದೊಳಗೆ ಮೈನಸ್ ಬಂದಿದೆಯೇ? (−8)²ಗೆ −64 ಎಂದು ಬರೆದಿದ್ದೀರಿ. 36 − 64 = −28 ಆಗಿ ಲೆಕ್ಕ ನಿಂತುಬಿಡುತ್ತದೆ. ಸೈಂಟಿಫಿಕ್ ಕ್ಯಾಲ್ಕುಲೇಟರ್‌ನಲ್ಲಿ ಆವರಣವಿಲ್ಲದೆ −8² ಒತ್ತಿದರೂ −64 ಬರುತ್ತದೆ, ಮೂಲ ಕೇಳಿದಾಗ ಯಂತ್ರ ಎರರ್ ತೋರಿಸುತ್ತದೆ. ದೂರದ ಲೆಕ್ಕದಲ್ಲಿ ಮೂಲದೊಳಗೆ ಋಣ ಸಂಖ್ಯೆ ಬರಲು ಸಾಧ್ಯವೇ ಇಲ್ಲ, ಬಂದರೆ ನಾಲ್ಕನೇ ಸಾಲಿಗೆ ಹಿಂತಿರುಗಿ.

ಉತ್ತರ 14 ಬಂದಿದೆಯೇ? √(36 + 64) ಅನ್ನು √36 + √64 ಎಂದು ಬಿಡಿಸಿದ್ದೀರಿ. ಇದು ಬಹಳ ಜಾಣ ಮಕ್ಕಳೂ ಮಾಡುವ ತಪ್ಪು. ಚಿತ್ರ ನೋಡಿ: 14 ಎಂದರೆ ಎ ಇಂದ ಸಿಗೆ ಹೋಗಿ ಅಲ್ಲಿಂದ ಬಿಗೆ ಸುತ್ತಿ ಬಂದ ದಾರಿ. ಓರೆ ದಾರಿ ಸುತ್ತು ದಾರಿಗಿಂತ ಕಡಿಮೆಯೇ ಇರಬೇಕು. ಗದ್ದೆಯ ಬದುವಿನ ಮೇಲೆ ಸುತ್ತಿ ಹೋಗುವವನಿಗೂ ಗದ್ದೆಯನ್ನು ಅಡ್ಡ ಹಾಯುವವನಿಗೂ ಇರುವ ವ್ಯತ್ಯಾಸ ಅದು.

ಉತ್ತರ 100 ಬಂದಿದ್ದರೆ ಮೂಲ ಹಾಕಿಲ್ಲ.

ಇದರಿಂದ ಒಂದು ಗಟ್ಟಿ ಪರೀಕ್ಷೆ ಸಿಗುತ್ತದೆ. ಓರೆ ದೂರ ಯಾವಾಗಲೂ ಎರಡು ಬಾಹುಗಳಲ್ಲಿ ದೊಡ್ಡದಕ್ಕಿಂತ ಹೆಚ್ಚು, ಎರಡರ ಮೊತ್ತಕ್ಕಿಂತ ಕಡಿಮೆ. ಇಲ್ಲಿ 8ಕ್ಕೂ 14ಕ್ಕೂ ನಡುವೆ. 10 ಸರಿಹೊಂದುತ್ತದೆ. ಆದರೆ ಈ ಪರೀಕ್ಷೆಯನ್ನೇ ಪೂರ್ತಿ ನಂಬಬೇಡಿ. ಎರಡನೇ ಸಾಲಿನಲ್ಲಿ 4 − 2 = 2 ಎಂದು ತಪ್ಪಿದ್ದರೆ ಉತ್ತರ √68, ಅಂದರೆ ಸುಮಾರು 8.25. ಅದೂ 8 ಮತ್ತು 14ರ ನಡುವೆಯೇ ಇದೆ! ಚಿಹ್ನೆಯ ತಪ್ಪನ್ನು ಹಿಡಿಯುವುದು ಚೌಕ ಎಣಿಕೆ ಮಾತ್ರ. ಗ್ರಾಫ್‌ನಲ್ಲಿ 1 ಸೆಂಟಿಮೀಟರ್ ಪ್ರಮಾಣ ಇಟ್ಟಿದ್ದರೆ ಎಬಿ ಮೇಲೆ ಸ್ಕೇಲ್ ಇಡಿ, 10 ಸೆಂಟಿಮೀಟರ್ ತೋರಿಸಬೇಕು.

ಮೂಲ ಪೂರ್ಣ ಸಂಖ್ಯೆಯಾಗದಿದ್ದಾಗ ಗಾಬರಿ ಬೇಡ. (1, 2) ಮತ್ತು (5, 8)ರ ದೂರ √(16 + 36) = √52. ಇದನ್ನು 26 ಎಂದು ಬರೆದ ಉತ್ತರಗಳನ್ನು ಕಣ್ಣಾರೆ ಕಂಡಿದ್ದೇನೆ, ಮೂಲವೆಂದರೆ ಅರ್ಧ ಎಂಬ ಭ್ರಮೆ ಅದು. 52 = 4 × 13, ಹಾಗಾಗಿ 2√13, ಸುಮಾರು 7.21. ಪರೀಕ್ಷೆಯಲ್ಲಿ ದಶಮಾಂಶ ಕೇಳದಿದ್ದರೆ 2√13 ಎಂದೇ ಬಿಡಿ.

## ಹಂತ 4: ದೂರ ಬಳಸಿ ಆಕೃತಿ ಗುರುತಿಸುವುದು

ಬಿಂದುಗಳನ್ನು ಕೊಟ್ಟು "ಇದು ಎಂಥ ತ್ರಿಭುಜ?" ಎಂದು ಕೇಳುತ್ತಾರೆ. ಪಿ(1, 2), ಕ್ಯೂ(4, 6), ಆರ್(8, 3) ತೆಗೆದುಕೊಳ್ಳಿ. ಪಿಕ್ಯೂ ವರ್ಗ 9 + 16 = 25. ಕ್ಯೂಆರ್ ವರ್ಗ 16 + 9 = 25. ಪಿಆರ್ ವರ್ಗ 49 + 1 = 50. ಎರಡು ಸಮ, ಮತ್ತು 25 + 25 = 50. ಹಾಗಾಗಿ ಕ್ಯೂ ಬಳಿ ಲಂಬಕೋನವಿರುವ ಸಮದ್ವಿಬಾಹು ತ್ರಿಭುಜ. ವರ್ಗಮೂಲದ ತಂಟೆಗೇ ಹೋಗಲಿಲ್ಲ ಎಂಬುದನ್ನು ಗಮನಿಸಿ. ಸಮ ಬಾಹು, ಲಂಬಕೋನ ನೋಡುವಾಗ ವರ್ಗಗಳನ್ನೇ ಹೋಲಿಸಿದರೆ ಸಾಕು, ಸಮಯ ಉಳಿಯುತ್ತದೆ.

ಆದರೆ ಮೂರು ಬಿಂದುಗಳು ಒಂದೇ ಸರಳರೇಖೆಯಲ್ಲಿವೆಯೇ ಎಂದು ಕೇಳಿದಾಗ ಈ ಉಳಿತಾಯ ಮಾಡುವಂತಿಲ್ಲ. (−1, −1), (2, 3), (8, 11) ನೋಡಿ. ವರ್ಗಗಳು 25, 100, 225. 25 ಮತ್ತು 100 ಕೂಡಿದರೆ 225 ಬರುವುದಿಲ್ಲ, ಹಾಗಾಗಿ ಒಂದೇ ರೇಖೆಯಲ್ಲಿಲ್ಲ ಎಂದು ಬರೆದವರು ಕೆಟ್ಟರು. ಮೂಲ ಹಾಕಿ: 5, 10, 15. 5 + 10 = 15. ಒಂದೇ ರೇಖೆಯಲ್ಲಿವೆ. ಉದ್ದಗಳನ್ನು ಕೂಡಬೇಕಾದ ಕಡೆ ಉದ್ದವೇ ಬೇಕು.

ಇನ್ನೊಂದು ಬಗೆಯ ಪ್ರಶ್ನೆಯಲ್ಲಿ ಅರ್ಧ ಅಂಕ ಕೈತಪ್ಪುತ್ತದೆ. (1, 2) ಮತ್ತು (ಕೆ, 7)ರ ದೂರ 13. ಕೆ ಎಷ್ಟು? ಉದ್ದ ದೂರ 5, ಹಾಗಾಗಿ (ಕೆ − 1)² = 169 − 25 = 144. ಕೆ − 1 = 12 ಎಂದು ಬರೆದು 13 ಎಂಬ ಒಂದೇ ಉತ್ತರಕ್ಕೆ ನಿಲ್ಲುತ್ತಾರೆ. −12 ಕೂಡ ಆಗುತ್ತದೆ, ಆಗ ಕೆ = −11. ಚಿತ್ರದಲ್ಲಿ ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ.

## ಹಂತ 5: ಅದೇ ತ್ರಿಭುಜದ ಬಾಹುಗಳಿಗೆ ಹೆಸರಿಡುವುದು

ಈಗ ಎ, ಬಿ, ಸಿ ತ್ರಿಭುಜಕ್ಕೆ ಹಿಂತಿರುಗಿ. ಬಾಹುಗಳು 6, 8, 10. ತ್ರಿಕೋನಮಿತಿ ಇಲ್ಲಿಂದಲೇ ಶುರು.

ಕ್ರಮ ಮುಖ್ಯ. ಮೊದಲು ಲಂಬಕೋನ ಎಲ್ಲಿದೆ ನೋಡಿ, ಅದರ ಎದುರಿನ ಬಾಹುವಿಗೆ ವಿಕರ್ಣ ಎಂದು ಬರೆಯಿರಿ. ಎರಡನೆಯದಾಗಿ ಪ್ರಶ್ನೆ ಯಾವ ಕೋನದ ಬಗ್ಗೆ ಕೇಳಿದೆ ನೋಡಿ, ಆ ಕೋನಕ್ಕೆ ಸುತ್ತು ಹಾಕಿ. ಆ ಕೋನದ ಎದುರಿನ ಬಾಹು ಅಭಿಮುಖ. ಕೋನಕ್ಕೆ ತಾಗಿಕೊಂಡಿರುವ, ವಿಕರ್ಣವಲ್ಲದ ಬಾಹು ಪಾರ್ಶ್ವ. ಈ ಮೂರು ಹೆಸರು ಚಿತ್ರದ ಮೇಲೆ ಬರೆಯದೆ ಅನುಪಾತ ಬರೆಯಬೇಡಿ.

ಎ ಕೋನಕ್ಕೆ ಅಭಿಮುಖ 8, ಪಾರ್ಶ್ವ 6. ಬಿ ಕೋನಕ್ಕೆ ನೋಡಿದರೆ ಅಭಿಮುಖ 6, ಪಾರ್ಶ್ವ 8. ತ್ರಿಭುಜ ಅಲುಗಾಡಲಿಲ್ಲ, ನಾವು ನಿಂತ ಮೂಲೆ ಬದಲಾಯಿತು. ಹಜಾರದ ಈ ಮೂಲೆಯಲ್ಲಿ ನಿಂತವರಿಗೆ ಎದುರಿಗಿರುವ ಗೋಡೆ ಆ ಮೂಲೆಯಲ್ಲಿ ನಿಂತವರಿಗೆ ಪಕ್ಕದ ಗೋಡೆ. "ನಿಂತಿರುವುದೇ ಅಭಿಮುಖ, ಮಲಗಿರುವುದೇ ಪಾರ್ಶ್ವ" ಎಂದು ಬಾಯಿಪಾಠ ಮಾಡಿಕೊಂಡವರು ತ್ರಿಭುಜವನ್ನು ತಿರುಗಿಸಿ ಕೊಟ್ಟ ಕೂಡಲೇ ಎಡವುತ್ತಾರೆ.

ಅನುಪಾತಗಳಿಗೆ ನಾವು ಹೇಳಿಕೊಳ್ಳುವ ಪುಟ್ಟ ಪಾಠ ಹೀಗಿದೆ: ಸೈನ್ ಅವಿ, ಕಾಸ್ ಪಾವಿ, ಟ್ಯಾನ್ ಅಪಾ. ಅಂದರೆ ಸೈನ್ = ಅಭಿಮುಖ ÷ ವಿಕರ್ಣ, ಕಾಸ್ = ಪಾರ್ಶ್ವ ÷ ವಿಕರ್ಣ, ಟ್ಯಾನ್ = ಅಭಿಮುಖ ÷ ಪಾರ್ಶ್ವ. ನಾಲ್ಕು ಸಲ ಗಟ್ಟಿಯಾಗಿ ಹೇಳಿಕೊಂಡರೆ ನಾಲಿಗೆಗೆ ಕೂರುತ್ತದೆ.

ಸೈನ್ ಎ = 8/10 = 0.8. ಕಾಸ್ ಎ = 0.6. ಟ್ಯಾನ್ ಎ = 8/6 = 4/3.

ಇವುಗಳ ವ್ಯುತ್ಕ್ರಮಗಳಲ್ಲಿ, ಅಂದರೆ ಭಿನ್ನರಾಶಿಯನ್ನು ತಲೆಕೆಳಗು ಮಾಡಿದಾಗ ಸಿಗುವ ಬೆಲೆಗಳಲ್ಲಿ, ಒಂದು ಜಾರುಗಲ್ಲಿದೆ. ಕೊಸೆಕ್ ಸೈನ್‌ನ ವ್ಯುತ್ಕ್ರಮ, ಸೆಕ್ ಕಾಸ್‌ನ ವ್ಯುತ್ಕ್ರಮ. ಶಬ್ದ ಕೇಳಿ "ಸೆಕ್ ಅಂದರೆ ಸೈನ್ ಕಡೆಯದು" ಎಂದುಕೊಳ್ಳಬೇಡಿ.

ಎಚ್ಚರಿಕೆಯ ಗುರುತುಗಳು. ಸೈನ್ ಅಥವಾ ಕಾಸ್ 1ಕ್ಕಿಂತ ಹೆಚ್ಚು ಬಂದರೆ ಭಾಗಾಕಾರ ತಲೆಕೆಳಗಾಗಿದೆ, ಏಕೆಂದರೆ ವಿಕರ್ಣವೇ ಎಲ್ಲಕ್ಕಿಂತ ಉದ್ದ. ಟ್ಯಾನ್‌ಗೆ ಈ ಮಿತಿ ಇಲ್ಲ, ಅದು 4/3 ಆಗಬಹುದು, 50 ಕೂಡ ಆಗಬಹುದು. ಉತ್ತರ ಪರೀಕ್ಷಿಸಲು ಸೈನ್ ವರ್ಗ ಮತ್ತು ಕಾಸ್ ವರ್ಗ ಕೂಡಿ: 0.64 + 0.36 = 1. ಪುಸ್ತಕದ ನಿತ್ಯಸಮೀಕರಣ ಇದೇ, ಪೈಥಾಗೊರಸ್ ಪ್ರಮೇಯವನ್ನು ವಿಕರ್ಣದ ವರ್ಗದಿಂದ ಭಾಗಿಸಿದರೆ ಸಿಗುತ್ತದೆ.

ಇನ್ನೊಂದು ತಪ್ಪು ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಸೈನ್ ಎನ್ನುವುದನ್ನು ಒಂದು ಸಂಖ್ಯೆ ಎಂದುಕೊಂಡು ಕೋನದ ಜೊತೆ ಗುಣಿಸುವುದು, ಭಾಗಿಸುವುದು. ಕೋನವಿಲ್ಲದ ಸೈನ್‌ಗೆ ಅರ್ಥವಿಲ್ಲ. ಹಾಗೆಯೇ ಸೈನ್ 30° ದುಪ್ಪಟ್ಟು ಮಾಡಿದರೆ ಸೈನ್ 60° ಆಗುವುದಿಲ್ಲ. ಮೊದಲನೆಯದರ ದುಪ್ಪಟ್ಟು 1, ಎರಡನೆಯದು ಸುಮಾರು 0.866.

## ಹಂತ 6: 30°, 45°, 60° ಬೆಲೆಗಳನ್ನು ಮರೆಯದಂತೆ ಇಟ್ಟುಕೊಳ್ಳುವುದು

ಪಟ್ಟಿ ಉರುಹೊಡೆಯುವವರು ಪರೀಕ್ಷೆಯ ಕೊಠಡಿಯಲ್ಲಿ √3/2 ಯಾವುದರದು, 1/2 ಯಾವುದರದು ಎಂದು ತಡಕಾಡುತ್ತಾರೆ. ಎರಡು ಚಿತ್ರ ನೆನಪಿಟ್ಟುಕೊಳ್ಳಿ, ಪಟ್ಟಿ ತಾನಾಗಿ ಬರುತ್ತದೆ.

ಬಾಹು 1 ಇರುವ ಚೌಕವನ್ನು ಕರ್ಣದ ಗುಂಟ ಕತ್ತರಿಸಿ. ಬಾಹುಗಳು 1, 1, √2. ಕೋನ 45°. ಹಾಗಾಗಿ ಸೈನ್ 45° = ಕಾಸ್ 45° = 1/√2, ಟ್ಯಾನ್ 45° = 1.

ಬಾಹು 2 ಇರುವ ಸಮಬಾಹು ತ್ರಿಭುಜವನ್ನು ನಡುವೆ ನೆಟ್ಟಗೆ ಸೀಳಿ. ಅರ್ಧದಲ್ಲಿ ಪಾದ 1, ವಿಕರ್ಣ 2, ಎತ್ತರ √(4 − 1) = √3. ಕೆಳಗಿನ ಕೋನ 60°, ಮೇಲಿನದು 30°. ಸೈನ್ 30° = 1/2, ಸೈನ್ 60° = √3/2, ಟ್ಯಾನ್ 60° = √3, ಟ್ಯಾನ್ 30° = 1/√3.

ಉತ್ತರಪತ್ರಿಕೆ ಕೈಗೆ ಬಂದ ತಕ್ಷಣ ಹಿಂದಿನ ಪುಟದಲ್ಲಿ ಈ ಎರಡು ಚಿತ್ರ ಹಾಕಿಕೊಳ್ಳಲು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಒಂದು ನಿಮಿಷದ ಕೆಲಸ. 0° ಮತ್ತು 90°ಗೆ ಬೇರೆ ಚಿತ್ರ ಬೇಡ: ಕೋನ ಕುಗ್ಗಿದಂತೆ ಅಭಿಮುಖ ಬಾಹು ಕರಗಿ ಸೈನ್ 0 ಆಗುತ್ತದೆ. ಟ್ಯಾನ್ 90° ವ್ಯಾಖ್ಯಾನಿಸಿಲ್ಲ, ಅಲ್ಲಿ 0 ಎಂದು ಬರೆಯಬೇಡಿ.

## ಹಂತ 7: ಎರಡು ಪಾಠಗಳನ್ನು ಕೂಡಿಸುವುದು

ಈ ಹಂತದಲ್ಲಿ ನಿರ್ದೇಶಾಂಕಗಳಿಂದ (ಬಿಂದುವಿನ ಎಕ್ಸ್, ವೈ ಬೆಲೆಗಳಿಂದ) ಕೋನವನ್ನೂ, ಕೋನದಿಂದ ನಿರ್ದೇಶಾಂಕಗಳನ್ನೂ ತೆಗೆಯುತ್ತೇವೆ.

(0, 0) ಇಂದ (5, 5)ಗೆ ಗೆರೆ ಎಳೆಯಿರಿ. ಅಡ್ಡ 5, ಉದ್ದ 5. ಟ್ಯಾನ್ = 1, ಹಾಗಾಗಿ ಗೆರೆ ಎಕ್ಸ್ ಅಕ್ಷದೊಂದಿಗೆ 45° ಮಾಡುತ್ತದೆ. ದೂರ 5√2. ಕೋನಮಾಪಕ ಇಟ್ಟು ನೋಡಿ.

ಈಗ ಹಿಮ್ಮುಖವಾಗಿ. (2, 1) ಇಂದ ಬಲಕ್ಕೆ ಏರುತ್ತಾ, ಅಡ್ಡಗೆರೆಯೊಂದಿಗೆ 30° ಮಾಡುವ ದಾರಿಯಲ್ಲಿ 10 ಮಾನ ನಡೆದರೆ ಎಲ್ಲಿ ತಲುಪುತ್ತೀರಿ? ಅಡ್ಡ ನಡಿಗೆ ಪಾರ್ಶ್ವ ಬಾಹು: 10 × ಕಾಸ್ 30° = 8.66. ಏರಿದ್ದು ಅಭಿಮುಖ ಬಾಹು: 10 × ಸೈನ್ 30° = 5. ಇವನ್ನು ಹೊರಟ ಬಿಂದುವಿಗೆ ಕೂಡಿ: (10.66, 6). ಹೊರಟ ಬಿಂದುವಿಗೆ ಕೂಡುವುದನ್ನು ಮರೆತು (8.66, 5) ಎಂದು ನಿಲ್ಲಿಸುವವರಿದ್ದಾರೆ, ಅದು ಮೂಲಬಿಂದುವಿನಿಂದ ಹೊರಟವರ ಉತ್ತರ.

ಸರಿಯೇ ಎಂದು ದೂರ ಸೂತ್ರಕ್ಕೇ ಕೇಳಿ. 8.66ರ ವರ್ಗ ಸುಮಾರು 75, 5ರ ವರ್ಗ 25, ಮೊತ್ತ 100, ಮೂಲ 10. ಆದರೆ ಸೈನ್, ಕಾಸ್ ಅದಲುಬದಲಾಗಿದ್ದರೂ ಮೊತ್ತ 100 ಬರುತ್ತದೆ, ಆ ತಪ್ಪನ್ನು ಕಣ್ಣೇ ಹಿಡಿಯಬೇಕು. 30° ಎಂದರೆ ಇಳಿಜಾರು ಕಡಿಮೆ, ಹಾಗಾಗಿ ಅಡ್ಡ ನಡಿಗೆ ಏರಿಕೆಗಿಂತ ಹೆಚ್ಚಿರಬೇಕು.

## ಹಂತ 8: ಹಾಳೆಯಿಂದ ಅಂಗಳಕ್ಕೆ

ಪುಸ್ತಕದಲ್ಲಿ ಉನ್ನತ ಕೋನ, ಅಂದರೆ ಕಣ್ಣಿನ ಮಟ್ಟದಿಂದ ನೋಟವನ್ನು ಎಷ್ಟು ಮೇಲೆತ್ತಬೇಕು ಎಂಬ ಕೋನ, ಕೊಟ್ಟೇ ಇರುತ್ತಾರೆ. ನಿಜವಾದ ಮರದ ಮುಂದೆ ಆ ಕೋನವನ್ನು ನಾವೇ ಹಿಡಿಯಬೇಕು. ಒಮ್ಮೆ ಹಿಡಿದವರು ಅಭಿಮುಖ, ಪಾರ್ಶ್ವ ಎಂದು ಮತ್ತೆ ತಡವರಿಸಿದ್ದನ್ನು ನಾನು ಕಂಡಿಲ್ಲ.

ಉಪಕರಣ. ಅರ್ಧವೃತ್ತದ ಕೋನಮಾಪಕದ ನೇರ ಅಂಚಿಗೆ ಸ್ಟ್ರಾ ಇಟ್ಟು ಅಂಟುಟೇಪು ಸುತ್ತಿ. ಕೇಂದ್ರದ ತೂತಿಗೆ ದಾರ ಕಟ್ಟಿ, ದಾರದ ತುದಿಗೆ ನಟ್ಟು ತೂಗುಬಿಡಿ. ಗುಂಡನೆಯ ಬದಿ ಕೆಳಗಿರಲಿ. ಸ್ಟ್ರಾ ಮಟ್ಟಸವಾಗಿದ್ದಾಗ ದಾರ 90ರ ಮೇಲೆ ಬೀಳಬೇಕು. ಬೀಳದಿದ್ದರೆ ಸ್ಟ್ರಾ ಓರೆಯಾಗಿದೆ, ಬಿಚ್ಚಿ ಮತ್ತೆ ಅಂಟಿಸಿ.

ಓದುವುದು. ಇಬ್ಬರು ಬೇಕು. ಒಬ್ಬರು ಸ್ಟ್ರಾದ ಮೂಲಕ ಮರದ ತುದಿ ನೋಡಿ ಕೈ ಅಲುಗದಂತೆ ನಿಲ್ಲಬೇಕು. ಇನ್ನೊಬ್ಬರು ದಾರದ ತೂಗಾಟ ನಿಂತ ಮೇಲೆ ಅದನ್ನು ಬೆರಳಿಂದ ಕೋನಮಾಪಕಕ್ಕೆ ಒತ್ತಿ ಹಿಡಿದು ಓದಬೇಕು. ಗಾಳಿ ಬೀಸುವಾಗ ಈ ಕೆಲಸ ಬೇಡ, ದಾರ ನಿಲ್ಲುವುದಿಲ್ಲ. ಸೂರ್ಯ ಮರದ ತುದಿಯ ಹತ್ತಿರ ಇರುವಾಗ ಎಂದಿಗೂ ಸ್ಟ್ರಾದಲ್ಲಿ ಕಣ್ಣಿಡಬೇಡಿ, ಮಕ್ಕಳಿಗೂ ಬಿಡಬೇಡಿ.

ದಾರ 50 ತೋರಿಸಿತು ಎನ್ನಿ. ಉನ್ನತ ಕೋನ 50° ಎಂದು ಬರೆದುಕೊಳ್ಳುವುದೇ ಇಲ್ಲಿನ ದೊಡ್ಡ ತಪ್ಪು. ಮಟ್ಟಸವಾಗಿದ್ದಾಗ ದಾರ 90ರಲ್ಲಿತ್ತು, ಈಗ 50ರಲ್ಲಿದೆ, ಅಂದರೆ ಸ್ಟ್ರಾ ಮೇಲೆದ್ದದ್ದು 40°. ಕೋನಮಾಪಕದ ಇನ್ನೊಂದು ಸಾಲಿನ ಅಂಕಿಯಲ್ಲಿ 130 ಕಂಡರೂ 90ಕ್ಕೂ ಅದಕ್ಕೂ ವ್ಯತ್ಯಾಸ 40ಯೇ.

ಲೆಕ್ಕ. ಮರದಿಂದ 12 ಮೀಟರ್ ದೂರ ನಿಂತಿದ್ದೀರಿ. ಟ್ಯಾನ್ 40° = 0.8391. ಕಣ್ಣಿನ ಮಟ್ಟದಿಂದ ತುದಿಗೆ 12 × 0.8391 = 10.07 ಮೀಟರ್. ನೋಡಿದವರ ಕಣ್ಣು ನೆಲದಿಂದ 1.4 ಮೀಟರ್ ಎತ್ತರದಲ್ಲಿದ್ದರೆ ಅದನ್ನೂ ಕೂಡಿ: ಸುಮಾರು 11.5 ಮೀಟರ್. ಕೋನವನ್ನು 50° ಎಂದೇ ಇಟ್ಟಿದ್ದರೆ 15.7 ಮೀಟರ್ ಬರುತ್ತಿತ್ತು. ನಾಲ್ಕು ಮೀಟರ್ ಸುಳ್ಳು.

ಕಣ್ಣಿನ ಎತ್ತರ ಬಿಡುವುದು ಎರಡನೇ ದೊಡ್ಡ ತಪ್ಪು. ಪುಸ್ತಕದ ಲೆಕ್ಕದಲ್ಲಿ "1.5 ಮೀ ಎತ್ತರದ ವೀಕ್ಷಕ" ಎಂದು ಬಂದಾಗಲೂ ಇದೇ. ಆ 1.5 ಅನ್ನು ತ್ರಿಭುಜದ ಒಳಗೆ ತರದೆ, ಕೊನೆಯಲ್ಲಿ ಕೂಡಬೇಕು.

ತೆಂಗಿನ ಮರಕ್ಕೆ ಮಾತ್ರ ಇರುವ ತೊಡಕೊಂದಿದೆ: ಅದು ಬಾಗಿರುತ್ತದೆ. ಬುಡದಿಂದ ಟೇಪು ಹಿಡಿದರೆ ಪಾರ್ಶ್ವ ಬಾಹು ತಪ್ಪುತ್ತದೆ. ಸುಳಿಯ ನೇರ ಕೆಳಗೆ ನೆಲದಲ್ಲಿ ಒಂದು ಕಲ್ಲಿಟ್ಟು ಅಲ್ಲಿಂದ ಅಳೆಯಿರಿ. ಕಾಯಿ ಬಲಿತ ಮರವಾದರೆ ಕಲ್ಲಿಟ್ಟು ಬೇಗ ಆಚೆ ಬನ್ನಿ, ಅಲ್ಲಿ ನಿಂತು ಲೆಕ್ಕ ಮಾಡಬೇಡಿ.

ಎಲ್ಲಿ ನಿಲ್ಲಬೇಕು? ಉನ್ನತ ಕೋನ 45°ಯ ಆಸುಪಾಸು ಬರುವ ಜಾಗದಲ್ಲಿ. ಅಲ್ಲಿ ಒಂದು ಡಿಗ್ರಿ ತಪ್ಪಿ ಓದಿದರೂ ಎತ್ತರದಲ್ಲಿ ಆಗುವ ಏರುಪೇರು ಅತಿ ಕಡಿಮೆ. ನಮ್ಮ ಮರಕ್ಕೆ 12 ಮೀಟರ್ ದೂರದಲ್ಲಿ ಒಂದು ಡಿಗ್ರಿಯ ತಪ್ಪಿಗೆ ಸುಮಾರು 36 ಸೆಂಟಿಮೀಟರ್ ವ್ಯತ್ಯಾಸ. ಬುಡಕ್ಕೆ ಹತ್ತಿರ, 4 ಮೀಟರ್‌ನಲ್ಲಿ ನಿಂತರೆ ಅದೇ ಒಂದು ಡಿಗ್ರಿಗೆ ಅರ್ಧ ಮೀಟರ್ ದಾಟುತ್ತದೆ.

ಬುಡದ ಹತ್ತಿರ ಹೋಗಲು ಬಾರದಿದ್ದರೆ, ನಡುವೆ ಕಾಲುವೆಯೋ ಬೇಲಿಯೋ ಇದ್ದರೆ, ಎರಡು ಜಾಗಗಳಿಂದ ಕೋನ ಹಿಡಿಯಬೇಕು. ಹತ್ತಿರದಿಂದ 60°, ಅದೇ ನೇರದಲ್ಲಿ 20 ಮೀಟರ್ ಹಿಂದೆ ಸರಿದು 30° ಎನ್ನಿ. ಎತ್ತರ ಎಚ್ ಆದರೆ ದೂರಗಳು ಎಚ್/√3 ಮತ್ತು ಎಚ್√3. ವ್ಯತ್ಯಾಸ 2ಎಚ್/√3 = 20, ಎಚ್ = 10√3, ಸುಮಾರು 17.3 ಮೀಟರ್, ಅದಕ್ಕೆ ಕಣ್ಣಿನ ಎತ್ತರ ಕೂಡಿ. ಚಿತ್ರದಲ್ಲಿ ದೂರದ ಬಿಂದುವಿಗೆ 60° ಬರೆದಿದ್ದರೆ ಅಲ್ಲೇ ನಿಲ್ಲಿಸಿ: ಹತ್ತಿರ ಹೋದಷ್ಟೂ ಕತ್ತು ಹೆಚ್ಚು ಎತ್ತಬೇಕು. ಅವನತ ಕೋನದ ಲೆಕ್ಕದಲ್ಲಿ ಕೋನವನ್ನು ಕಟ್ಟಡದ ಗೋಡೆಯಿಂದ ಅಳೆಯದೆ, ಕಣ್ಣಿನ ಮಟ್ಟದ ಅಡ್ಡಗೆರೆಯಿಂದ ಕೆಳಕ್ಕೆ ಅಳೆಯಬೇಕು. ಪರ್ಯಾಯ ಕೋನವಾಗಿ ಅದೇ ಬೆಲೆ ಕೆಳಗೆ ನೆಲದ ಬಿಂದುವಿನಲ್ಲಿ ಸಿಗುತ್ತದೆ.

ಅಳತೆ ಮುಗಿದ ಮೇಲೆ ಮರದ ಇನ್ನೊಂದು ಬದಿಯಿಂದ, 10 ಮೀಟರ್‌ನಲ್ಲಿ ನಿಂತು ಮತ್ತೊಮ್ಮೆ ಮಾಡಿ. ಈಗ ದಾರ 45ರ ಹತ್ತಿರ ಬೀಳಬೇಕು. ಎರಡು ಉತ್ತರಗಳ ನಡುವೆ ಒಂದು ಮೀಟರ್‌ಗಿಂತ ಹೆಚ್ಚು ಅಂತರ ಬಂದರೆ ಮೊದಲು ದಾರದ ಓದನ್ನು ನೋಡಿ, ನಂತರ ಟೇಪು ಕಲ್ಲಿನಿಂದಲೇ ಶುರುವಾಗಿತ್ತೇ ಎಂದು ನೋಡಿ, ಕೊನೆಗೆ ಎರಡೂ ಸಲ ಕಣ್ಣಿಟ್ಟವರು ಒಬ್ಬರೇನಾ, ಕೂಡಿದ ಕಣ್ಣಿನ ಎತ್ತರ ಅವರದೇನಾ ಎಂದು ಕೇಳಿ.